ವ್ಯಕ್ತಿತ್ವ ಸಿದ್ಧಾಂತಗಳು: ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಯಾರನ್ನು ನಂಬುವುದು?

ಸಂಪಿಗೆಮರ

ಎಲ್ಲರಿಗೂ ನಮಸ್ಕಾರ. ನಾನು ಪ್ರೈಮರಿ ಶಾಲೆ ಟೀಚರ್. ಕೆಲಸದ ಜೊತೆಗೇ ದೂರಶಿಕ್ಷಣದಲ್ಲಿ ಮನಶ್ಶಾಸ್ತ್ರ ಓದುತ್ತಿದ್ದೇನೆ, ಈ ಸಲ ವ್ಯಕ್ತಿತ್ವ ಸಿದ್ಧಾಂತಗಳ ಪೇಪರ್ ಇದೆ. ಓದುತ್ತಾ ಹೋದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ. ಫ್ರಾಯ್ಡ್ ಪಾಠ ಓದುವಾಗ ಎಲ್ಲವೂ ಸುಪ್ತ ಮನಸ್ಸಿನದೇ ಕೆಲಸ ಅನ್ನಿಸುತ್ತದೆ. ಆಮೇಲೆ ಸ್ಕಿನ್ನರ್ ಬರುತ್ತಾರೆ, ಒಳಗೇನಿದೆ ಅಂತ ಹುಡುಕಬೇಡಿ, ಯಾವ ನಡತೆಗೆ ಏನು ಫಲ ಸಿಕ್ಕಿತು ಅಷ್ಟನ್ನು ನೋಡಿ ಅನ್ನುತ್ತಾರೆ. ಅದೂ ಸರಿ ಅನ್ನಿಸುತ್ತದೆ. ರೋಜರ್ಸ್ ಓದಿದರೆ ಮನುಷ್ಯ ಮೂಲದಲ್ಲಿ ಒಳ್ಳೆಯವನೇ, ಬೆಳೆಯಲು ಬಿಟ್ಟರೆ ಸಾಕು. ಕ್ಯಾಟೆಲ್ ವ್ಯಕ್ತಿತ್ವಕ್ಕೆ ಹದಿನಾರು ಅಂಶ ಅಂತಾರೆ, ಐಸೆಂಕ್‌ಗೆ ಮೂರು ಸಾಕು, ಈಗಿನವರು ಐದು ಅಂತಾರೆ. ಇವರೆಲ್ಲ ಮಾತಾಡುತ್ತಿರುವುದು ಒಂದೇ ಮನುಷ್ಯನ ಬಗ್ಗೆ ತಾನೇ?

ಇನ್ನೊಂದು ವಿಷಯ. ಹೋದ ವರ್ಷ ಒಂದು ತರಬೇತಿಯಲ್ಲಿ ನಮಗೆಲ್ಲ ಪ್ರಶ್ನೆಪಟ್ಟಿ ಕೊಟ್ಟು, ನಾಲ್ಕು ಅಕ್ಷರದ ಒಂದು 'ಟೈಪ್' ಹೇಳಿದರು. ಓದಿದಾಗ ಇದು ನಾನೇ ಅನ್ನಿಸಿತ್ತು. ನನ್ನ ಪಠ್ಯದಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ, ಯಾಕೆ?

ಪರೀಕ್ಷೆ ಪಾಸಾಗುವುದಷ್ಟೇ ಆದರೆ ಬಾಯಿಪಾಠ ಮಾಡಿಬಿಡಬಹುದು. ನನಗೆ ಅದು ಸಾಕಾಗಲ್ಲ. ದಿನಾ ಮಕ್ಕಳ ಮುಂದೆ ನಿಲ್ಲುವವಳು ನಾನು, ಇದರಲ್ಲಿ ಯಾವುದನ್ನು ಕೈಯಲ್ಲಿ ಹಿಡಿದುಕೊಂಡು ತರಗತಿಗೆ ಹೋಗಬಹುದು ಅಂತ ತಿಳಿಯಬೇಕು.

ಹಳೇ ಮೇಷ್ಟ್ರು

ಟೀಚರಮ್ಮ, ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ನಾನು ಬಹಳ ವರ್ಷ ಇದನ್ನೇ ಪಾಠ ಮಾಡಿ ನಿವೃತ್ತನಾದವನು, ಆದ್ದರಿಂದ ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಬೇಜಾರಾಗಬೇಡಿ.

ಯಾರು ಸರಿ ಅಂತ ಕೇಳುವ ಮೊದಲು, ಒಬ್ಬೊಬ್ಬರೂ ದಿನವಿಡೀ ಯಾರ ಜೊತೆ ಕೂತಿದ್ದರು ಅಂತ ಕೇಳಿ. ಫ್ರಾಯ್ಡ್ ಕೂತಿದ್ದು ವಿಯೆನ್ನಾದಲ್ಲಿ, ಕಾರಣ ತಿಳಿಯದ ನೋವು, ಭಯ, ಕೈಕಾಲು ಸೆಟೆಯುವುದು ಇಂಥ ತೊಂದರೆ ಹೊತ್ತು ಬಂದವರ ಜೊತೆ. 'ಈ ಮನುಷ್ಯನಿಗೇ ಗೊತ್ತಿಲ್ಲದ ಯಾವುದು ಇವನನ್ನು ಆಡಿಸುತ್ತಿದೆ?' ಅನ್ನೋದು ಅವರ ಪ್ರಶ್ನೆ. ಸ್ಕಿನ್ನರ್ ಕೂತಿದ್ದು ಪ್ರಯೋಗಾಲಯದಲ್ಲಿ, ಇಲಿ ಪಾರಿವಾಳಗಳ ಮುಂದೆ. ಅವುಗಳ ಬಾಲ್ಯದ ಕಥೆ ಕೇಳುವಂತಿಲ್ಲ, ಮಾಡಿದ್ದನ್ನು ಮಾತ್ರ ಎಣಿಸಬಹುದು. ರೋಜರ್ಸ್ ಅಮೆರಿಕದ ರಾಚೆಸ್ಟರ್‌ನಲ್ಲಿ ಹತ್ತು ವರ್ಷಕ್ಕೂ ಜಾಸ್ತಿ ಕಷ್ಟದಲ್ಲಿದ್ದ ಮಕ್ಕಳ ಜೊತೆ ಕೆಲಸ ಮಾಡಿದವರು, ಅವರ ಪ್ರಶ್ನೆ 'ಯಾವ ವಾತಾವರಣದಲ್ಲಿ ಮನುಷ್ಯ ಚೇತರಿಸಿಕೊಳ್ಳುತ್ತಾನೆ?'. ಕ್ಯಾಟೆಲ್, ಐಸೆಂಕ್ ಮುಂದೆ ಇದ್ದದ್ದು ಸಾವಿರಾರು ಜನ ತುಂಬಿದ ಅಂಕಿಗಳ ಹಾಳೆ. 'ಜನ ಒಬ್ಬರಿಂದ ಒಬ್ಬರು ಯಾವ ಯಾವ ವಿಷಯದಲ್ಲಿ ಬೇರೆ?' ಅನ್ನೋದು ಅವರ ಪ್ರಶ್ನೆ. ಪಠ್ಯಪುಸ್ತಕ ಇವರೆಲ್ಲರನ್ನೂ ಒಂದೇ ಸಾಲಲ್ಲಿ ಕೂರಿಸಿ ಒಂದೇ ಪರೀಕ್ಷೆ ಬರೆಸುತ್ತದೆ, ನಿಮ್ಮ ಗೊಂದಲ ಹುಟ್ಟುವುದು ಅಲ್ಲೇ.

ಈಗ ಹದಿನಾರು, ಮೂರು, ಐದು ವಿಷಯ. ಇದು ತುಂಬಾ ಚೆನ್ನಾಗಿದೆ, ಆದರೆ ಪಠ್ಯದಲ್ಲಿ ಅರ್ಧ ಪುಟಕ್ಕೆ ಮುಗಿಸಿಬಿಡುತ್ತಾರೆ. ಜನ ಜನರಲ್ಲಿ ಮುಖ್ಯವಾಗಿ ಕಾಣುವ ವ್ಯತ್ಯಾಸಗಳಿಗೆಲ್ಲ ಭಾಷೆ ಆಗಲೇ ಹೆಸರಿಟ್ಟಿರುತ್ತದೆ, ಹಾಗಾಗಿ ನಿಘಂಟಿನಲ್ಲೇ ಹುಡುಕೋಣ ಅನ್ನುವುದು ಇದರ ಬುಡ. 1884ರಲ್ಲೇ ಗಾಲ್ಟನ್ ಈ ದಾರಿ ತೋರಿಸಿದ್ದರು. 1936ರಲ್ಲಿ ಆಲ್‌ಪೋರ್ಟ್ ಮತ್ತು ಓಡ್ಬರ್ಟ್ ದೊಡ್ಡ ವೆಬ್‌ಸ್ಟರ್ ನಿಘಂಟನ್ನು ಜಾಲಾಡಿ ಮನುಷ್ಯರನ್ನು ಬಣ್ಣಿಸುವ 17,953 ಪದ ಹೆಕ್ಕಿದರು. ಅದರಲ್ಲಿ ಸ್ಥಿರವಾದ ಗುಣ ಹೇಳುವಂಥವು ಸುಮಾರು 4,500. ಕ್ಯಾಟೆಲ್ ಆ ಪಟ್ಟಿ ತೆಗೆದುಕೊಂಡು, ಒಂದೇ ಅರ್ಥದವನ್ನು ಸೇರಿಸುತ್ತಾ 171ಕ್ಕೆ, ಆಮೇಲೆ 35 ಗುಂಪಿಗೆ ಇಳಿಸಿದರು. ಆಗ ಕಂಪ್ಯೂಟರ್ ಇರಲಿಲ್ಲ, ಲೆಕ್ಕ ಎಲ್ಲ ಕೈಯಲ್ಲೇ, ಆದ್ದರಿಂದ ಪಟ್ಟಿಯನ್ನು ಇಳಿಸದೆ ಗತಿ ಇರಲಿಲ್ಲ. 1949ರಲ್ಲಿ ಅವರ ಹದಿನಾರು ಅಂಶಗಳ ಪರೀಕ್ಷೆ ಹೊರಬಂತು. 1961ರಲ್ಲಿ ಅಮೆರಿಕದ ವಾಯುಸೇನೆಗೆ ಕೆಲಸ ಮಾಡುತ್ತಿದ್ದ ಟ್ಯೂಪ್ಸ್ ಮತ್ತು ಕ್ರಿಸ್ಟಲ್ ಅಂಥದ್ದೇ ಗುಣಗಳ ಮೇಲೆ ಬೇರೆ ಬೇರೆ ಗುಂಪುಗಳ ಜನರನ್ನು ಅಳೆದು ನೋಡಿದಾಗ ಮತ್ತೆ ಮತ್ತೆ ಬಂದದ್ದು ಐದೇ. ಅವರ ವರದಿ ಸೇನೆಯ ತಾಂತ್ರಿಕ ವರದಿಯಾಗಿ ಉಳಿದದ್ದರಿಂದ ಬಹಳ ಕಾಲ ಯಾರ ಕಣ್ಣಿಗೂ ಅಷ್ಟಾಗಿ ಬೀಳಲಿಲ್ಲ. 'ಬಿಗ್ ಫೈವ್' ಅನ್ನುವ ಹೆಸರು ಕೊಟ್ಟದ್ದು ಲೂಯಿಸ್ ಗೋಲ್ಡ್‌ಬರ್ಗ್, 1981ರಲ್ಲಿ.

ಆ ಐದು ಯಾವುವು ಅಂದರೆ, ಹೊಸದಕ್ಕೆ ಮನಸ್ಸು ತೆರೆದಿರುವುದು, ಕೆಲಸದಲ್ಲಿ ಅಚ್ಚುಕಟ್ಟು ಮತ್ತು ಜವಾಬ್ದಾರಿ, ಬಹಿರ್ಮುಖತೆ, ಬೇರೆಯವರ ಜೊತೆ ಹೊಂದಿಕೊಂಡು ಹೋಗುವುದು, ಮತ್ತೆ ಬೇಗ ಆತಂಕ ಬೇಸರಕ್ಕೆ ಬೀಳುವ ಸ್ವಭಾವ. ಹದಿನಾರಕ್ಕೂ ಐದಕ್ಕೂ ಜಗಳ ಅಂದುಕೊಳ್ಳಬೇಡಿ. ಎಷ್ಟು ಸಣ್ಣಗೆ ಬಿಡಿಸಿ ನೋಡುತ್ತೀರಿ ಅನ್ನೋದರ ಮೇಲೆ ಸಂಖ್ಯೆ ನಿಂತಿದೆ. ಐಸೆಂಕ್ ಬಹಳ ದೂರದಿಂದ ನೋಡಿದರು, ಅಷ್ಟೇ.

ಅಂಕಿಸಂಖ್ಯೆ

ಮೇಷ್ಟ್ರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ.

ಒಂದು, ಐದು ಅನ್ನೋದನ್ನು ಕಲ್ಲಲ್ಲಿ ಕೆತ್ತಿದ ಹಾಗೆ ಹೇಳಬಾರದು. ಆಷ್ಟನ್ ಮತ್ತು ಲೀ ಬೇರೆ ಬೇರೆ ಭಾಷೆಗಳ ಪದಗಳನ್ನು ನೋಡಿ ಆರನೆಯದು ಬೇಕು ಅಂದರು: ಪ್ರಾಮಾಣಿಕತೆ ಮತ್ತು ವಿನಯ. ಬೊಲಿವಿಯಾದ ಕಾಡಿನಲ್ಲಿ ಬೇಸಾಯ, ಬೇಟೆ ಮಾಡಿಕೊಂಡಿರುವ ಚಿಮಾನೆ ಜನರಲ್ಲಿ 2013ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಆ ಐದು ಗುಂಪು ಸಿಗಲೇ ಇಲ್ಲ. ಓದುಬರಹ, ಪಟ್ಟಣ, ನೂರೆಂಟು ಕಸುಬು ಇರುವ ಸಮಾಜದಲ್ಲಿ ಕಾಣುವ ಆಕಾರವನ್ನೇ ಮನುಷ್ಯಕುಲದ ಆಕಾರ ಅಂದುಬಿಡುವ ಅವಸರ ಬೇಡ.

ಎರಡು, ನಿಮ್ಮ ನಾಲ್ಕು ಅಕ್ಷರ. ಫ್ರಾಯ್ಡ್ ಕಾಲದ ಮನಶ್ಶಾಸ್ತ್ರಜ್ಞ ಯೂಂಗ್ 1921ರಲ್ಲಿ ಬರೆದ ಪುಸ್ತಕ ಓದಿ, ಕ್ಯಾಥರಿನ್ ಬ್ರಿಗ್ಸ್ ಮತ್ತು ಮಗಳು ಇಸಬೆಲ್ ಮೈಯರ್ಸ್ ಕಟ್ಟಿದ ಮೈಯರ್ಸ್-ಬ್ರಿಗ್ಸ್ ಪರೀಕ್ಷೆ (MBTI) ಅದು. ಇಬ್ಬರೂ ಮನಶ್ಶಾಸ್ತ್ರದಲ್ಲಿ ತರಬೇತಿ ಪಡೆದವರಲ್ಲ, ಅದೇ ದೊಡ್ಡ ತಪ್ಪೇನಲ್ಲ. ತೊಂದರೆ ಇರುವುದು ಲೆಕ್ಕದಲ್ಲಿ. ಪ್ರತಿ ಅಕ್ಷರಕ್ಕೂ ಅದು ಜನರನ್ನು ಬಹಿರ್ಮುಖಿ ಇಲ್ಲವೇ ಅಂತರ್ಮುಖಿ ಅನ್ನುವ ಹಾಗೆ ಎರಡೇ ಗುಂಪಾಗಿ ಒಡೆಯುತ್ತದೆ. ಬಹಿರ್ಮುಖತೆ ಎತ್ತರದ ಹಾಗೆ, ಹೆಚ್ಚು ಜನ ನಡುವೆ ಇರುತ್ತಾರೆ, ತುದಿಯಲ್ಲಿ ಸ್ವಲ್ಪ ಜನ. ಐದಡಿ ನಾಲ್ಕಿಂಚಿಗೆ ಗೆರೆ ಎಳೆದು ಮೇಲಿನವರೆಲ್ಲ ಉದ್ದ, ಕೆಳಗಿನವರೆಲ್ಲ ಗಿಡ್ಡ ಅಂದರೆ, ಗೆರೆಯ ಆಚೀಚೆ ನಿಂತವರು ಹೆಚ್ಚುಕಡಿಮೆ ಒಂದೇ ಆದರೂ ಬೇರೆ ಜಾತಿ ಆಗಿಬಿಡುತ್ತಾರೆ. ಅದಕ್ಕೇ ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ತೆಗೆದುಕೊಂಡಾಗ ಒಂದಾದರೂ ಅಕ್ಷರ ಬದಲಾಗುವವರು ಬಹಳ.

'ಇದು ನಾನೇ' ಅನ್ನಿಸಿತು ಅಂದಿರಲ್ವಾ, ಅದಕ್ಕೂ ಒಂದು ಪ್ರಯೋಗ ಇದೆ. 1948ರಲ್ಲಿ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ವಾರ ಬಿಟ್ಟು ಪ್ರತಿಯೊಬ್ಬರಿಗೂ ಅವರವರ ವ್ಯಕ್ತಿತ್ವದ ವಿವರ ಅಂತ ಒಂದು ಹಾಳೆ ಕೊಟ್ಟರು. ಎಷ್ಟು ಸರಿಯಾಗಿದೆ ಅಂತ ಐದಕ್ಕೆ ಅಂಕ ಕೊಡಿ ಅಂದರು. ಸರಾಸರಿ ಬಂದದ್ದು 4.26. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ, ಅದನ್ನೂ ಹೆಚ್ಚಾಗಿ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಂಡಿದ್ದರು. ಪರೀಕ್ಷೆ ಓದಿ ಇದು ನಾನೇ ಅನ್ನಿಸುವುದು ಆ ಪರೀಕ್ಷೆ ಸರಿ ಅನ್ನೋದಕ್ಕೆ ಸಾಕ್ಷಿ ಅಲ್ಲ. ನನ್ನ ಪ್ರಕಾರ ಪೇಪರಿನ ಮೊದಲ ಪಾಠವೇ ಇದಾಗಬೇಕಿತ್ತು.

ಫ್ರಾಯ್ಡ್ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಇತಿಹಾಸ ಅಂತ ಓದಿ, ವಿಜ್ಞಾನ ಅಂತ ಓದಬೇಡಿ. ಯಾವ ಉತ್ತರ ಬಂದರೂ ತನ್ನದೇ ಸರಿ ಅನ್ನುವ ಸಿದ್ಧಾಂತವನ್ನು ಪರೀಕ್ಷೆ ಮಾಡೋಕೆ ಆಗಲ್ಲ.

ಕೇಳುವ ಕಿವಿ

ಅಂಕಿಸಂಖ್ಯೆಯವರೇ, ಕೊನೇ ಮಾತನ್ನು ನಾನು ಪೂರ್ತಿ ಒಪ್ಪಲ್ಲ. ನಾನು ಆಪ್ತಸಮಾಲೋಚಕಿ.

ಬಾಲ್ಯದ ಲೈಂಗಿಕ ಹಂತಗಳು, ಈಡಿಪಸ್ (ಗಂಡುಮಗುವಿಗೆ ತಾಯಿಯ ಮೇಲೆ ಆಸೆ, ತಂದೆಯ ಮೇಲೆ ಪೈಪೋಟಿ ಅನ್ನುವ ವಾದ) ಇವೆಲ್ಲ ನಿಂತಿಲ್ಲ, ನಿಜ. ಇಡ್ (ಹುಟ್ಟು ಆಸೆಗಳು), ಈಗೋ (ವಾಸ್ತವ ನೋಡಿ ನಡೆಯುವ ಭಾಗ), ಸೂಪರ್‌ಈಗೋ (ಸರಿ ತಪ್ಪು ಹೇಳುವ ಭಾಗ) ಅಂತ 1923ರಲ್ಲಿ ಮಾಡಿದ ವಿಭಾಗವನ್ನೂ ಮೆದುಳಿನ ಮೂರು ಕೋಣೆ ಅಂತ ಓದಬಾರದು. ಆದರೆ ತನಗೆ ತಡೆಯಲಾಗದ್ದನ್ನು ಮನಸ್ಸು ತನ್ನಿಂದಲೇ ಮುಚ್ಚಿಡುತ್ತದೆ, ಒಬ್ಬರ ಮೇಲಿನ ಸಿಟ್ಟನ್ನು ಇನ್ನೊಬ್ಬರ ಮೇಲೆ ತೀರಿಸಿಕೊಳ್ಳುತ್ತದೆ ಅನ್ನುವ ಮಾತನ್ನು ನಾನು ಕೆಲಸದಲ್ಲಿ ದಿನಾ ನೋಡುತ್ತೇನೆ. ಈ ರಕ್ಷಣಾ ತಂತ್ರಗಳನ್ನು ನೆಟ್ಟಗೆ ಜೋಡಿಸಿ ಬರೆದದ್ದು ಮಗಳು ಆನಾ ಫ್ರಾಯ್ಡ್, 1936ರಲ್ಲಿ. ಅವರು ಮಕ್ಕಳ ಜೊತೆ ಕೆಲಸ ಮಾಡಿದವರು, ಮೊದಲು ಶಾಲೆಯ ಟೀಚರ್ ಆಗಿದ್ದವರು. ಸಂಪಿಗೆಮರ ಮೇಡಂ, ನಿಮಗೆ ಅಪ್ಪನಿಗಿಂತ ಮಗಳೇ ಜಾಸ್ತಿ ಉಪಯೋಗಕ್ಕೆ ಬರುತ್ತಾರೆ.

ಹಾಗೇ ಆಡ್ಲರ್ ಪಾಠವನ್ನು ಬೇಗ ಬೇಗ ತಿರುವಿ ಹಾಕಬೇಡಿ. 1911ರಲ್ಲಿ ಫ್ರಾಯ್ಡ್ ಗುಂಪು ಬಿಟ್ಟು ಬಂದ ಮೇಲೆ, 1920ರ ದಶಕದಲ್ಲಿ ವಿಯೆನ್ನಾದ ಶಾಲೆಗಳ ಜೊತೆ ಸೇರಿ ಮಕ್ಕಳಿಗೆ, ತಂದೆತಾಯಿಗೆ, ಟೀಚರುಗಳಿಗೆ ಸಲಹೆ ಕೊಡುವ ಕೇಂದ್ರಗಳನ್ನು ನಡೆಸಿದ್ದು ಅವರು. ಮಗು ಹಟ ಮಾಡುವಾಗ ಯಾಕೆ ಮಾಡಿತು ಅನ್ನೋದಕ್ಕಿಂತ ಅದರಿಂದ ಏನನ್ನು ಪಡೆಯೋಕೆ ನೋಡುತ್ತಿದೆ ಅಂತ ಕೇಳಿ ಅನ್ನುವುದು ಅವರ ದಾರಿ. ಹುಟ್ಟಿದ ಕ್ರಮ, ಅಂದರೆ ಹಿರಿಯ ಮಗು ಹೀಗೆ, ಕೊನೇದು ಹಾಗೆ ಅನ್ನುವ ಅವರ ಮಾತಿಗೆ ದೊಡ್ಡ ಅಧ್ಯಯನಗಳಲ್ಲಿ ಬೆಂಬಲ ಅಷ್ಟೇನೂ ಸಿಕ್ಕಿಲ್ಲ. ಅದನ್ನು ಬಿಟ್ಟು ಉಳಿದದ್ದನ್ನು ಇಟ್ಟುಕೊಳ್ಳಿ.

ರೋಜರ್ಸ್ ವಿಷಯಕ್ಕೆ ಬಂದರೆ, 'ಮನುಷ್ಯ ಒಳ್ಳೆಯವನು' ಅನ್ನುವಲ್ಲಿಗೇ ನಿಲ್ಲಿಸಬೇಡಿ. ಷರತ್ತು ಹಾಕಿ ಕೊಡುವ ಪ್ರೀತಿಯ ಬಗ್ಗೆ ಅವರು ಹೇಳಿದ್ದು ನಮ್ಮ ಮನೆಗಳಿಗೆ ನೇರವಾಗಿ ತಾಗುತ್ತದೆ. ಮಾರ್ಕ್ಸ್ ಬಂದರೆ ಮಾತ್ರ ಮಗ, ಇಲ್ಲದಿದ್ದರೆ ಮುಖ ತಿರುಗಿಸುವುದು. ಹಾಗೆ ಬೆಳೆದ ಮಗು ತನಗೆ ನಿಜವಾಗಿ ಏನನ್ನಿಸುತ್ತದೆ ಅನ್ನೋದನ್ನೇ ಮರೆತು, ಬೇರೆಯವರಿಗೆ ಏನು ಬೇಕೋ ಅದನ್ನೇ 'ನಾನು' ಅಂದುಕೊಳ್ಳುತ್ತದೆ. ನನ್ನ ಮುಂದೆ ಬಂದು ಕೂರುವ ಕಾಲೇಜು ಮಕ್ಕಳಲ್ಲಿ ಇದನ್ನು ಎಷ್ಟು ನೋಡಿದ್ದೇನೆ ಅಂದರೆ, ಈ ಒಂದು ಪಾಠ ಎಲ್ಲಾ ಅಪ್ಪ ಅಮ್ಮಂದಿರ ಕೈಗೂ ಸಿಗಬೇಕು ಅನ್ನಿಸುತ್ತದೆ.

ಸಂಪಿಗೆಮರ

ಇಷ್ಟು ಹೊತ್ತು ಕೊಟ್ಟು ಬರೆದದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅವರು ಯಾರ ಜೊತೆ ಕೂತಿದ್ದರು ಅಂತ ನೋಡಿ ಅನ್ನುವ ಮಾತು ನನಗೆ ಬಹಳ ಹಿಡಿಸಿತು, ಮೇಷ್ಟ್ರೇ.

ಒಂದು ನಿಜವಾದ ಉದಾಹರಣೆ ಕೊಡುತ್ತೇನೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದ್ದಾನೆ. ಪಾಠದ ಹೊತ್ತಲ್ಲಿ ಬಾಯೇ ಬಿಡಲ್ಲ, ಹೆಸರು ಕರೆದರೆ ತಲೆ ತಗ್ಗಿಸುತ್ತಾನೆ. ಆಟದ ಬಯಲಿಗೆ ಬಿಟ್ಟರೆ ಟೀಮ್ ಮಾಡುವವನು ಅವನೇ, ಜಗಳ ಬಿಡಿಸುವವನೂ ಅವನೇ. ಈ ಹುಡುಗನಿಗೆ ಬಿಗ್ ಫೈವ್ ಪ್ರಕಾರ ಬಹಿರ್ಮುಖತೆ ಎಷ್ಟು ಅಂತ ಬರೆಯಲಿ? ನಡುವೆ ಅಂತ ಬರೆದರೆ ಎರಡು ಜಾಗದಲ್ಲೂ ಸುಳ್ಳಾಗುತ್ತದೆ.

ಅಂಕಿಸಂಖ್ಯೆ

ಈ ಪ್ರಶ್ನೆಯೇ ಈ ಕ್ಷೇತ್ರವನ್ನು ಇಪ್ಪತ್ತು ವರ್ಷ ಅಲ್ಲಾಡಿಸಿತು ಮೇಡಂ.

1928ರಲ್ಲಿ ಹಾರ್ಟ್‌ಶೋರ್ನ್ ಮತ್ತು ಮೇ ಸಾವಿರಾರು ಶಾಲಾ ಮಕ್ಕಳನ್ನು ಪರೀಕ್ಷೆಯಲ್ಲಿ, ಆಟದಲ್ಲಿ, ಮನೆಗೆಲಸದಲ್ಲಿ ಮೋಸ ಮಾಡುವ ಅವಕಾಶ ಕೊಟ್ಟು ನೋಡಿದರು. ಒಂದು ಕಡೆ ಮೋಸ ಮಾಡಿದ ಮಗು ಇನ್ನೊಂದು ಕಡೆಯೂ ಮಾಡುತ್ತದೆ ಅಂತ ಹೇಳಲು ಬರುವಂತಿರಲಿಲ್ಲ, ಸಂಬಂಧ ಅಷ್ಟು ದುರ್ಬಲ. 1968ರಲ್ಲಿ ವಾಲ್ಟರ್ ಮಿಶೆಲ್ ಇಂಥ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ, ಗುಣಲಕ್ಷಣದ ಪ್ರಶ್ನೆಪಟ್ಟಿಗೂ ಒಂದು ಸಂದರ್ಭದ ನಿಜವಾದ ನಡತೆಗೂ ಇರುವ ಸಹಸಂಬಂಧ (0 ಅಂದರೆ ಸಂಬಂಧವೇ ಇಲ್ಲ, 1 ಅಂದರೆ ಪೂರ್ತಿ ಹೊಂದಿಕೆ) 0.30ರ ಆಸುಪಾಸು, ಅದಕ್ಕಿಂತ ಮೇಲೆ ಹೋಗುವುದು ಅಪರೂಪ ಅಂದರು. ಈಗಲೇ ತಿನ್ನದೆ ಕಾದರೆ ಎರಡು ಮಿಠಾಯಿ ಅಂತ ಮಕ್ಕಳಿಗೆ ಹೇಳಿ ನೋಡಿದ ಮಾಷ್‌ಮೆಲೋ ಪ್ರಯೋಗ ಕೇಳಿರುತ್ತೀರಿ, ಅದೇ ಮಿಶೆಲ್.

ಗುಣಲಕ್ಷಣದವರು ಸುಮ್ಮನಿರಲಿಲ್ಲ. 1979ರಲ್ಲಿ ಎಪ್‌ಸ್ಟೀನ್ ತೋರಿಸಿದ್ದೇನೆಂದರೆ, ಒಂದು ದಿನದ ನಡತೆ ಹಿಡಿದುಕೊಂಡರೆ ಏನೂ ಹೇಳಲಾಗದು, ಬಹಳ ದಿನಗಳ ಸರಾಸರಿ ತೆಗೆದರೆ ಸ್ವಭಾವ ಗಟ್ಟಿಯಾಗಿ ಕಾಣುತ್ತದೆ. ಅದೂ ನಿಜ. ಆದರೆ ನಿಮ್ಮ ಹುಡುಗನಿಗೆ ಬೇಕಾದ ಉತ್ತರ ಸರಾಸರಿಯಲ್ಲಿಲ್ಲ. ಮಿಶೆಲ್ ಮತ್ತು ಶೋಡ ಆಮೇಲೆ ನ್ಯೂ ಹ್ಯಾಂಪ್‌ಷೈರ್‌ನ ಒಂದು ಬೇಸಿಗೆ ಶಿಬಿರದಲ್ಲಿ ಮಕ್ಕಳನ್ನು ವಾರಗಟ್ಟಲೆ ಗಮನಿಸಿದರು. ಒಬ್ಬ ಹುಡುಗ ದೊಡ್ಡವರು ಗದರಿದಾಗ ರೇಗುತ್ತಾನೆ, ಜೊತೆಯವರು ಕೆಣಕಿದರೆ ಸುಮ್ಮನಿರುತ್ತಾನೆ. ಇನ್ನೊಬ್ಬ ಅದಕ್ಕೆ ಪೂರ್ತಿ ಉಲ್ಟಾ. ಇಬ್ಬರ ಸರಾಸರಿ ಸಿಟ್ಟು ಒಂದೇ ಇರಬಹುದು, ಆದರೆ ಒಬ್ಬೊಬ್ಬರ 'ಹೀಗಾದರೆ ಹೀಗೆ' ಅನ್ನುವ ವಿನ್ಯಾಸ ಮಾತ್ರ ಅವರದೇ, ಅದು ಮತ್ತೆ ಮತ್ತೆ ಹಾಗೇ ಬರುತ್ತದೆ. 1995ರಲ್ಲಿ ಇದನ್ನೇ ಸಿದ್ಧಾಂತವಾಗಿ ಬರೆದರು: ಆ ವಿನ್ಯಾಸವೇ ವ್ಯಕ್ತಿತ್ವದ ಸಹಿ.

ಹಾಗಾಗಿ ಅವನಿಗೆ ಅಂಕ ಕೊಡಬೇಡಿ. ಯಾವಾಗ ಬಾಯಿ ಬಿಡುತ್ತಾನೆ, ಯಾವಾಗ ಬಿಡಲ್ಲ ಅಂತ ಕೆಲವು ವಾರ ಬರೆದಿಡಿ. ಒಬ್ಬನೇ ಎದ್ದು ನಿಲ್ಲಬೇಕಾದಾಗ ಮಾತ್ರವಾ? ನಾಲ್ಕು ಜನರ ಗುಂಪಲ್ಲಿ ಪಾಠದ ಬಗ್ಗೆ ಮಾತಾಡುತ್ತಾನಾ? ಓದಿ ಹೇಳು ಅಂದಾಗ ಜಾಸ್ತಿಯಾ, ಲೆಕ್ಕ ಕೇಳಿದಾಗ ಜಾಸ್ತಿಯಾ?

ಕುಕ್ಕರಹಳ್ಳಿ ಕೆರೆ

ಮೈಸೂರಿನವನಾಗಿ ನಾನು ಇಲ್ಲಿ ಬಾಯಿ ಹಾಕಲೇಬೇಕು. ಯಾಕೆಂದರೆ ಈ ಸಂದರ್ಭ ಮತ್ತು ಸ್ವಭಾವದ ಚರ್ಚೆಯಲ್ಲಿ ಬಹಳ ಮುಖ್ಯವಾದ ಒಂದು ಅಧ್ಯಯನ ನಡೆದದ್ದೇ ನಮ್ಮೂರಿನಲ್ಲಿ, ಅದು ನಮ್ಮ ಪಠ್ಯಗಳಲ್ಲೇ ಇರಲ್ಲ.

ಜೋನ್ ಮಿಲ್ಲರ್ ಅನ್ನುವ ಸಂಶೋಧಕಿ 1984ರಲ್ಲಿ ಪ್ರಕಟಿಸಿದ್ದು. ಶಿಕಾಗೋದಲ್ಲೂ ಮೈಸೂರಿನಲ್ಲೂ ದೊಡ್ಡವರನ್ನು, ಮಕ್ಕಳನ್ನು ಮಾತಾಡಿಸಿ, ನಿಮಗೆ ಗೊತ್ತಿರುವ ಯಾರಾದರೂ ಮಾಡಿದ ಒಂದು ಒಳ್ಳೆ ಕೆಲಸ, ಒಂದು ಕೆಟ್ಟ ಕೆಲಸ ಹೇಳಿ, ಯಾಕೆ ಹಾಗೆ ಮಾಡಿದರು ಅಂತಲೂ ಹೇಳಿ ಅಂದರು. ಒಂದು ಕಥೆ ಹೀಗಿದೆ: ಒಬ್ಬ ವಕೀಲ ಬೈಕ್ ಓಡಿಸುತ್ತಿದ್ದ, ಹಿಂದಿನ ಚಕ್ರ ಒಡೆದು ಹಿಂದೆ ಕೂತವನು ಬಿದ್ದು ಪೆಟ್ಟಾಯಿತು. ವಕೀಲ ಅವನನ್ನು ಆಸ್ಪತ್ರೆಗೆ ಬಿಟ್ಟು, ಪೆಟ್ಟು ಎಷ್ಟು ದೊಡ್ಡದು ಅಂತ ಡಾಕ್ಟರನ್ನು ಕೇಳಲೂ ನಿಲ್ಲದೆ ಕೋರ್ಟಿಗೆ ಹೋದ. ಬಿದ್ದವನು ತೀರಿಹೋದ. ಯಾಕೆ ಹಾಗೆ ಮಾಡಿದ ಅಂದರೆ ಅಮೆರಿಕದವರ ವಿವರಣೆ ಅವನು ಬೇಜವಾಬ್ದಾರಿ, ಸ್ವಂತ ಏಳಿಗೆಯೇ ಮುಖ್ಯವಾದವನು ಅನ್ನುವ ಕಡೆಗೆ. ಇಲ್ಲಿನವರದು, ಕೋರ್ಟಲ್ಲಿ ಕಕ್ಷಿಗಾರನ ಪರ ನಿಲ್ಲುವುದು ಅವನ ಕರ್ತವ್ಯ, ಗಾಬರಿಯಲ್ಲಿದ್ದ, ಪೆಟ್ಟು ಅಷ್ಟು ದೊಡ್ಡದಾಗಿ ಕಂಡಿರಲಿಕ್ಕಿಲ್ಲ ಅನ್ನುವ ಕಡೆಗೆ.

ಇದಕ್ಕಿಂತ ದೊಡ್ಡ ವಿಷಯ ವಯಸ್ಸಿನದು. ಎಂಟು ವರ್ಷದ ಮಕ್ಕಳಲ್ಲಿ ಎರಡೂ ಊರಿನ ನಡುವೆ ಅಂಥ ವ್ಯತ್ಯಾಸ ಇರಲಿಲ್ಲ. ದೊಡ್ಡವರಾಗುತ್ತಾ ಶಿಕಾಗೋದವರು ಸ್ವಭಾವದ ಕಡೆ ಜಾಸ್ತಿ ಹೋದರು, ಮೈಸೂರಿನವರು ಸಂದರ್ಭದ ಕಡೆ ಜಾಸ್ತಿ ಹೋದರು. ಅಂದರೆ ಒಬ್ಬರು ಹೀಗೆ ಮಾಡಿದ್ದು ಅವರ ಗುಣದಿಂದ ಅಂತ ನೋಡುವುದೇ ನಾವು ಬೆಳೆಯುತ್ತಾ ಕಲಿಯುವ ಅಭ್ಯಾಸ. ಟೀಚರ್ ಮೇಡಂ ಬಯಲನ್ನೂ ತರಗತಿಯನ್ನೂ ಬೇರೆ ಬೇರೆ ನೋಡಿದರಲ್ಲ, ಆ ಕಣ್ಣನ್ನು ಪೇಪರ್ ಓದಿ ಕಳೆದುಕೊಳ್ಳಬಾರದು ಅಂತ ನನ್ನ ಆಸೆ.

ಅಂದಹಾಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ, ಭಾರತದ ಮೊದಮೊದಲ ವಿಭಾಗಗಳಲ್ಲಿ ಒಂದು. ಕಟ್ಟಿದವರು ಲಂಡನ್‌ನಲ್ಲಿ ಓದಿ ಬಂದ ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ 'ಆಕಾಶವಾಣಿ' ಅನ್ನುವ ರೇಡಿಯೋ ಕೇಂದ್ರ ನಡೆಸಿದವರೂ ಅವರೇ.

ತೋಟದ ಮನೆ

ಸತ್ವ, ರಜಸ್ಸು, ತಮಸ್ಸು ಅಂತ ನಮ್ಮಲ್ಲೇ ಇದೆಯಲ್ಲ. ಅದೂ ವ್ಯಕ್ತಿತ್ವ ಸಿದ್ಧಾಂತ ತಾನೇ? ಪಠ್ಯದವರು ಅದನ್ನು ಯಾಕೆ ಬಿಡುತ್ತಾರೆ?

ಹಳೇ ಮೇಷ್ಟ್ರು

ಕೆಲವು ಭಾರತೀಯ ಪಠ್ಯಗಳಲ್ಲಿ ಇದೆ, ಇರಬೇಕು ಕೂಡ. ಆದರೆ ಬಿಗ್ ಫೈವ್ ಪಕ್ಕಕ್ಕೆ ತಂದು ಎರಡೂ ಒಂದೇ ಅನ್ನಬೇಡಿ. ಸಾಂಖ್ಯ ದರ್ಶನದಲ್ಲಿ ಮೂರೂ ಗುಣ ಎಲ್ಲರಲ್ಲೂ ಇರುತ್ತವೆ, ಬೆರಕೆ ಬದಲಾಗುತ್ತಲೇ ಇರುತ್ತದೆ. ಗೀತೆಯ ಹದಿನಾಲ್ಕನೇ ಅಧ್ಯಾಯ ಕೊನೆಗೆ ಮೂರನ್ನೂ ದಾಟಿ ಹೋಗು ಅನ್ನುತ್ತದೆ. ಅದು ಮನುಷ್ಯ ಎತ್ತ ಹೋಗಬೇಕು ಅಂತ ಹೇಳುವ ವಿಚಾರ. ಬಿಗ್ ಫೈವ್‌ಗೆ ಆ ಹಂಬಲ ಇಲ್ಲ, ಜನ ಹೇಗೆ ಹೇಗೆ ಇದ್ದಾರೆ ಅಂತ ಅಳೆದು ಸುಮ್ಮನಾಗುತ್ತದೆ.

ಟೀಚರಮ್ಮ, ಪರೀಕ್ಷೆಗೂ ತರಗತಿಗೂ ಬರುವ ಇನ್ನೊಂದು ಮಾತು. ಅವಳಿಗಳ ಅಧ್ಯಯನಗಳಲ್ಲಿ ಗುಣಲಕ್ಷಣಗಳ ವ್ಯತ್ಯಾಸಕ್ಕೆ ಅನುವಂಶೀಯತೆ ಕಾರಣವಾಗುವುದು ಸುಮಾರು ಅರ್ಧದಷ್ಟು, ಸ್ವಲ್ಪ ಕಡಿಮೆಯೂ ಇರಬಹುದು. ಇದನ್ನು ಬಹಳ ಜನ ತಪ್ಪಾಗಿ ಬರೆಯುತ್ತಾರೆ. ಒಬ್ಬ ಹುಡುಗನ ಅರ್ಧ ಸ್ವಭಾವ ಅಪ್ಪ ಅಮ್ಮನಿಂದ ಬಂತು ಅಂತ ಅಲ್ಲ. ಒಂದು ಗುಂಪಿನ ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ಅಷ್ಟು ಪಾಲು ಅಂತ. ಒಬ್ಬನ ವಿಷಯದಲ್ಲಿ ಆ ಲೆಕ್ಕಕ್ಕೆ ಅರ್ಥವೇ ಇಲ್ಲ.

ಮತ್ತೆ, ಚಿಕ್ಕಂದಿನಲ್ಲೇ ಎಲ್ಲ ಅಚ್ಚಾಗಿ ಹೋಗುತ್ತದೆ ಅನ್ನುವುದನ್ನೂ ನಂಬಬೇಡಿ. ರಾಬರ್ಟ್ಸ್ ಮತ್ತು ಜೊತೆಗಾರರು 2006ರಲ್ಲಿ ಬಹಳಷ್ಟು ದೀರ್ಘಕಾಲದ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಇಪ್ಪತ್ತರಿಂದ ನಲವತ್ತರ ನಡುವೆ ಜನರ ಅಚ್ಚುಕಟ್ಟು, ಮನಸ್ಸಿನ ಸ್ಥಿಮಿತ ಎರಡೂ ಸರಾಸರಿಯಲ್ಲಿ ಏರುತ್ತಾ ಹೋಗಿದ್ದು ಕಂಡಿತು. ಪ್ರೈಮರಿ ಶಾಲೆಯ ಹುಡುಗನ ಹೆಸರಿನ ಮುಂದೆ 'ಅಂತರ್ಮುಖಿ' ಅಂತ ಬರೆದು ಮುಂದಿನ ತರಗತಿ ಟೀಚರಿಗೆ ಕೊಡುವುದು ಈ ಲೆಕ್ಕದಲ್ಲೂ ಸರಿಯಲ್ಲ.

ಪರೀಕ್ಷೆಯಲ್ಲಿ 'ಹೋಲಿಸಿ ಬರೆಯಿರಿ' ಅಂತ ಬಂದರೆ ಇಬ್ಬರ ಪ್ರಶ್ನೆ ಏನಿತ್ತು, ಯಾರನ್ನು ನೋಡಿ ಬರೆದರು, ಸಾಕ್ಷಿ ಏನು ಅಂತ ಈ ಮೂರನ್ನು ಮೊದಲು ಬರೆಯಿರಿ. ಹೆಸರು, ಹಂತಗಳ ಪಟ್ಟಿ ಆಮೇಲೆ.

ಸಂಪಿಗೆಮರ

ಮೇಷ್ಟ್ರೇ, ಹಾಗೇ ಬರೆಯುತ್ತೇನೆ. ಅಂಕಿಸಂಖ್ಯೆಯವರು ಹೇಳಿದ ಹಾಗೆ ಸೋಮವಾರದಿಂದ ಹುಡುಗನ ವಿಷಯ ಬರೆದಿಡುತ್ತೇನೆ. ಒಬ್ಬನನ್ನೇ ನಿಲ್ಲಿಸಿ ಕೇಳುವುದನ್ನು ಸದ್ಯಕ್ಕೆ ಬಿಟ್ಟು, ಗುಂಪಲ್ಲಿ ಕೂರಿಸಿ ನೋಡುತ್ತೇನೆ. ಬಂಡೂರ ಪಾಠ ಇನ್ನೂ ಓದಿಲ್ಲ. ಅದರಲ್ಲಿ ಏನಾದರೂ ಸಿಕ್ಕಿದರೆ ಇಲ್ಲೇ ಕೇಳುತ್ತೇನೆ.

ಕೇಳುವ ಕಿವಿ

ಬಂಡೂರ ಓದುವಾಗ, ದೊಡ್ಡವರು ಬೊಂಬೆಗೆ ಹೊಡೆಯುವುದನ್ನು ನೋಡಿ ಮಕ್ಕಳೂ ಹಾಗೇ ಹೊಡೆದ 1961ರ ಪ್ರಯೋಗಕ್ಕೇ ನಿಲ್ಲಬೇಡಿ ಮೇಡಂ. 'ನನ್ನ ಕೈಲಿ ಆಗುತ್ತದೆ' ಅನ್ನುವ ನಂಬಿಕೆ ಮಗುವಿಗೆ ಎಲ್ಲಿಂದ ಬರುತ್ತದೆ ಅಂತ ಅವರು ಹೇಳುವ ಭಾಗ ಓದಿ. ಅದರಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ತಾನೇ ಮಾಡಿ ಗೆದ್ದ ಅನುಭವ, ಆಮೇಲೆ ತನ್ನಂಥವನೇ ಒಬ್ಬ ಮಾಡಿದ್ದನ್ನು ನೋಡುವುದು. ದೊಡ್ಡವರು ಬಾಯಲ್ಲಿ ಹೇಳುವ ಧೈರ್ಯದ ಮಾತು ಇವೆರಡಕ್ಕಿಂತ ಕೆಳಗೆ. ಆ ಹುಡುಗನನ್ನು ಗುಂಪಲ್ಲಿ ಕೂರಿಸುವಾಗ ಆಟದಲ್ಲಿ ಅವನ ಜೊತೆಗಿರುವವರನ್ನೇ ಕೂರಿಸಿ ನೋಡಿ.